ದಿನವೂ ಡಿಜಿಟಲ್ ಚಿತ್ರ: ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸು, ಕಾಲೇಜು, ಮನೆವಾರ್ತೆಯ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಟ್ಯಾಬ್‌ನಲ್ಲೋ ಲ್ಯಾಪ್‌ಟಾಪ್‌ನಲ್ಲೋ ಚಿತ್ರ ಬಿಡಿಸುವ ಬೆಂಗಳೂರಿನ ಹವ್ಯಾಸಿಗಳಿಗಾಗಿ ಈ ಪುಟ. ಯಂತ್ರ ಎಲ್ಲಿ ಕೈಕೊಡುತ್ತದೆ, ಯಂತ್ರದ ಅನುಕೂಲಗಳ ಮರೆಯಲ್ಲಿ ಕೈ ಎಲ್ಲಿ ಸೋಮಾರಿಯಾಗುತ್ತದೆ ಎಂಬ ಎರಡು ಕಡೆಯಿಂದಲೇ ಹೆಚ್ಚಿನ ಪ್ರಶ್ನೆಗಳು ಬರುತ್ತವೆ.

ಶುರು ಮಾಡಲು ಕನಿಷ್ಠ ಏನು ಬೇಕು?

ಈಗಾಗಲೇ ಕಂಪ್ಯೂಟರ್ ಇದ್ದರೆ, ಸ್ಕ್ರೀನ್ ಇಲ್ಲದ ಪೆನ್ ಟ್ಯಾಬ್ಲೆಟ್ (ಮೇಲೆ ಪೆನ್ ಓಡಿಸಿದರೆ ಕಂಪ್ಯೂಟರ್ ತೆರೆಯಲ್ಲಿ ಗೆರೆ ಮೂಡಿಸುವ ಹಲಗೆ) ಸಾಕು. ವ್ಯಾಕಮ್, ಹ್ಯುಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳ ಚಿಕ್ಕ ಮಾದರಿಗಳು ಸುಮಾರು 3,000ದಿಂದ 6,000 ರೂಪಾಯಿಯೊಳಗೆ ಸಿಗುತ್ತವೆ. ಪೆಟ್ಟಿಗೆಯ ಮೇಲೆ 8192 ಒತ್ತಡದ ಮಟ್ಟ ಎಂದು ದೊಡ್ಡದಾಗಿ ಬರೆದಿರುತ್ತದೆ, ಅಂದರೆ ಪೆನ್ ಒತ್ತುವ ಬಲದಲ್ಲಿ ಅಷ್ಟು ಹಂತ ಗುರುತಿಸುತ್ತದೆ. 4096ಕ್ಕೂ 8192ಕ್ಕೂ ಇರುವ ವ್ಯತ್ಯಾಸ ಹವ್ಯಾಸಿಯ ಕೈಗೆ ಗೊತ್ತಾಗುವುದಿಲ್ಲ, ಅದಕ್ಕೆಂದು ಹೆಚ್ಚು ದುಡ್ಡು ಸುರಿಯಬೇಡಿ. ಕೊಳ್ಳುವಾಗ ನೋಡಬೇಕಾದ್ದು ಎರಡೇ: ಬಿಡಿಸುವ ಜಾಗ ಕನಿಷ್ಠ 6 ಇಂಚು ಅಗಲ ಇರಬೇಕು, ಪೆನ್ನಿಗೆ ಚಾರ್ಜ್ ಮಾಡುವ ಗೋಜು ಇರಬಾರದು.

ಮೊಬೈಲ್ ಮಾತ್ರ ಇದ್ದರೆ ಅದರಲ್ಲೇ ಶುರು ಮಾಡಿ. ಅಂಗಡಿಗಳಲ್ಲಿ 200–300 ರೂಪಾಯಿಗೆ ಸಿಗುವ ರಬ್ಬರ್ ತುದಿಯ ಪೆನ್ನು ಬೆರಳಿನ ಕೆಲಸವನ್ನಷ್ಟೇ ಮಾಡುತ್ತದೆ, ಒತ್ತಡ ಅದಕ್ಕೆ ತಿಳಿಯದು. ಹಾಗಾಗಿ ಅದರಲ್ಲಿ ದಪ್ಪ-ತೆಳು ಗೆರೆಯ ಆಸೆ ಬಿಟ್ಟು, ಆಕಾರ ತುಂಬುವ ಅಭ್ಯಾಸ ಮಾಡಿ: ಒಂದೇ ಬಣ್ಣದ ನೆರಳಿನ ಚಿತ್ರ, ಮೂರು ಛಾಯೆಯ ಚಿತ್ರ, ಎಲೆಯ ಹೊರರೇಖೆ.

ಸ್ಕ್ರೀನ್ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಕೈ ಒಂದು ಕಡೆ, ಕಣ್ಣು ಒಂದು ಕಡೆ. ಇದು ಯಾವತ್ತಾದರೂ ಸರಿಹೋಗುತ್ತದಾ?

ಹೋಗುತ್ತದೆ. ದಿನಾ ಅರ್ಧ ಗಂಟೆ ಕೂತರೆ ಎರಡು ಮೂರು ವಾರದಲ್ಲಿ ಕೈ ಕುದುರುತ್ತದೆ. ಆ ದಿನಗಳಲ್ಲಿ ಚಿತ್ರ ಬಿಡಿಸುವುದಕ್ಕಿಂತ ಮೌಸ್ ಎತ್ತಿಟ್ಟು ಎಲ್ಲ ಕೆಲಸವನ್ನೂ ಪೆನ್ನಿನಿಂದಲೇ ಮಾಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಫೈಲ್ ತೆರೆಯುವುದು, ಬ್ರೌಸರ್ ಬಳಸುವುದು, ಮೇಲ್ ಓದುವುದು ಎಲ್ಲವೂ ಪೆನ್ನಿನಲ್ಲೇ. ಟ್ಯಾಬ್ಲೆಟ್ಟನ್ನು ಕೀಬೋರ್ಡಿನ ಪಕ್ಕ ಓರೆಯಾಗಿ ಇಟ್ಟುಕೊಂಡರೆ ಈ ಹೊಂದಾಣಿಕೆ ಬರುವುದೇ ಇಲ್ಲ. ಅದರ ಮೇಲಂಚು ಮಾನಿಟರಿನ ಕೆಳಂಚಿಗೆ ಸಮಾನಾಂತರವಾಗಿ, ಎದೆಯ ನೇರಕ್ಕೆ ಇರಬೇಕು. ಇನ್ನೊಂದು ಲಾಭವೂ ಉಂಟು: ನೋಟ ಎದುರಿಗಿರುವುದರಿಂದ ಕುತ್ತಿಗೆ ಬಾಗುವುದಿಲ್ಲ.

ನಾನು ಬಿಡಿಸಿದ ವೃತ್ತ ಮೊಟ್ಟೆಯ ಹಾಗೆ ಬರುತ್ತದೆ. ಕೈಯ ದೋಷವೋ ಟ್ಯಾಬ್ಲೆಟ್ ದೋಷವೋ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ಆಡಿಕೊಂಡರೆ ನಂಬಬೇಡಿ, ಇಲ್ಲಿ ನೆಲ ನಿಜಕ್ಕೂ ಡೊಂಕಿರಬಹುದು. ಹತ್ತು ರೂಪಾಯಿ ನಾಣ್ಯವನ್ನು ಟ್ಯಾಬ್ಲೆಟ್ ಮೇಲೆ ಇಟ್ಟು ಸುತ್ತಲೂ ಪೆನ್ ಓಡಿಸಿ. ತೆರೆಯ ಮೇಲೆ ಅಂಡಾಕಾರ ಬಂದರೆ ದೋಷ ಸೆಟ್ಟಿಂಗ್‌ನದು. ಟ್ಯಾಬ್ಲೆಟ್ 16:10 ಅನುಪಾತದ್ದು, ಮಾನಿಟರ್ 16:9 ಇದ್ದರೆ ಡ್ರೈವರ್ (ಟ್ಯಾಬ್ಲೆಟ್ಟನ್ನು ನಡೆಸುವ ತಂತ್ರಾಂಶ) ಒಂದನ್ನು ಎಳೆದು ಇನ್ನೊಂದಕ್ಕೆ ಹೊಂದಿಸುತ್ತದೆ. ಎರಡು ಮಾನಿಟರ್ ಜೋಡಿಸಿದ್ದರಂತೂ ಪೂರ್ತಿ ಟ್ಯಾಬ್ಲೆಟ್ ಎರಡೂ ತೆರೆಗಳ ಮೇಲೆ ಹರಡಿಕೊಂಡು, ವೃತ್ತ ದೋಸೆಯಂತೆ ಅಡ್ಡಡ್ಡ ಹರಡುತ್ತದೆ. ಡ್ರೈವರ್ ತೆರೆದು ಒಂದೇ ಮಾನಿಟರ್ ಆರಿಸಿ, ಅನುಪಾತ ಕಾಯ್ದುಕೊಳ್ಳುವ ಆಯ್ಕೆಗೆ ಟಿಕ್ ಹಾಕಿ. ಮತ್ತೆ ನಾಣ್ಯ ಇಟ್ಟು ನೋಡಿ.

ನಾಣ್ಯ ಗುಂಡಗೆ ಬಂದು, ನಿಮ್ಮ ವೃತ್ತ ಮಾತ್ರ ಮೊಟ್ಟೆಯಾದರೆ, ಗಾದೆ ನಿಮಗೇ.

ಐಪ್ಯಾಡ್ ಇದೆ. ಯಾವ ಪೆನ್ಸಿಲ್ ತರಲಿ?

ಕೊಳ್ಳುವ ಮೊದಲು ಇದೊಂದನ್ನು ಗಮನಿಸಿ: 2023ರಲ್ಲಿ ಬಂದ ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲ್‌ಗೆ ಒತ್ತಡ ಗ್ರಹಿಸುವ ಶಕ್ತಿ ಇಲ್ಲ. ಟಿಪ್ಪಣಿ ಬರೆಯಲು ಅದು ಚೆನ್ನ, ಚಿತ್ರಕ್ಕೆ ಸಾಲದು. ಬೆಲೆ ಕಡಿಮೆ ಎಂದು ಅದನ್ನು ತಂದು, ಗೆರೆ ಯಾಕೆ ಒಂದೇ ದಪ್ಪ ಬರುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. 2015ರ ಮೊದಲ ತಲೆಮಾರು, 2018ರ ಎರಡನೆಯ ತಲೆಮಾರು, 2024ರ ಪ್ರೊ ಮೂರಕ್ಕೂ ಒತ್ತಡ ತಿಳಿಯುತ್ತದೆ. ಆದರೆ ಪ್ರತಿ ಪೆನ್ಸಿಲ್ ಪ್ರತಿ ಐಪ್ಯಾಡ್‌ಗೂ ಕೂಡುವುದಿಲ್ಲ. ಉದಾಹರಣೆಗೆ, 10ನೆಯ ತಲೆಮಾರಿನ ಐಪ್ಯಾಡ್‌ಗೆ ಒತ್ತಡ ಬೇಕೆಂದರೆ ಮೊದಲ ತಲೆಮಾರಿನ ಪೆನ್ಸಿಲ್ಲೇ ಗತಿ, ಜೊತೆಗೆ ಚಾರ್ಜ್ ಮಾಡಲು ಒಂದು ಅಡಾಪ್ಟರ್.

ಆಂಡ್ರಾಯ್ಡ್‌ನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂಥ ಮಾದರಿಗಳಲ್ಲಿ ಎಸ್ ಪೆನ್ ಜೊತೆಗೇ ಬರುತ್ತದೆ, ಅದಕ್ಕೆ ಚಾರ್ಜ್ ಬೇಡ. "ಸ್ಟೈಲಸ್ ಉಚಿತ" ಎಂದು ಮಾರುವ ಬೇರೆ ಅಗ್ಗದ ಟ್ಯಾಬ್‌ಗಳಲ್ಲಿ ಕೊಡುವುದು ಸಾಮಾನ್ಯವಾಗಿ ಮೇಲೆ ಹೇಳಿದ ಬೆರಳಿನ ಬದಲಿ ಮಾತ್ರ.

ಎಸ್.ಪಿ. ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಹಳೆಯದು ಕೊಳ್ಳಬಹುದೇ?

ಕೊಳ್ಳಬಹುದು, ಕೈಯಲ್ಲಿ ಹಿಡಿದು ಪರೀಕ್ಷಿಸಲು ಬಿಟ್ಟರೆ. ನಿಮ್ಮದೇ ಲ್ಯಾಪ್‌ಟಾಪ್ ಒಯ್ಯಿರಿ, ಡ್ರೈವರನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡು ಹೋಗಿ. ಐದು ನಿಮಿಷದ ಪರೀಕ್ಷೆ ಸಾಕು. ನಾಲ್ಕು ಮೂಲೆಗಳಿಗೂ ಪೆನ್ ಮುಟ್ಟಿಸಿ, ತೆರೆಯ ಮೂಲೆಗೆ ಕರ್ಸರ್ ತಲುಪುತ್ತದೆಯೇ ನೋಡಿ. ಸ್ಕೇಲ್ ಇಟ್ಟು ಓರೆಯಾಗಿ ನಿಧಾನಕ್ಕೆ ಗೆರೆ ಎಳೆಯಿರಿ, ಅಲೆಅಲೆಯಾಗಿ ಬರಬಾರದು. ಹಗುರದಿಂದ ಗಟ್ಟಿಯಾಗಿ ಒತ್ತುತ್ತಾ ಹೋದಾಗ ಗೆರೆ ಸರಾಗವಾಗಿ ದಪ್ಪವಾಗಬೇಕು, ಮಧ್ಯೆ ಥಟ್ಟನೆ ಜಿಗಿಯಬಾರದು. ಕೊನೆಗೆ ಕೇಬಲ್ ಸಿಕ್ಕಿಸುವ ಕಡೆ ಮೆಲ್ಲಗೆ ಅಲ್ಲಾಡಿಸಿ. ಹಳೆಯ ಟ್ಯಾಬ್ಲೆಟ್‌ಗಳಲ್ಲಿ ಮೊದಲು ಸಾಯುವುದು ಆ ಕಿಂಡಿಯೇ. ಪೆನ್ನು ಕಳೆದುಹೋಗಿ ಬೇರೆ ಮಾದರಿಯ ಪೆನ್ನು ಜೋಡಿಸಿಟ್ಟಿದ್ದರೆ ಬಿಟ್ಟುಬನ್ನಿ, ಒಂದೇ ಕಂಪನಿಯ ಪೆನ್ನುಗಳೂ ಎಲ್ಲ ಮಾದರಿಗೆ ಹೊಂದುವುದಿಲ್ಲ.

ಯಾವ ಆ್ಯಪ್?

ಲ್ಯಾಪ್‌ಟಾಪ್ ಇದ್ದರೆ ಕ್ರಿಟಾ: ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಐಪ್ಯಾಡ್‌ನಲ್ಲಿ ಪ್ರೊಕ್ರಿಯೇಟ್, ಒಂದು ಸಲ ಹಣ ಕೊಟ್ಟರೆ ಆಯಿತು. ಮೊಬೈಲ್‌ನಲ್ಲಿ ಐಬಿಸ್ ಪೇಂಟ್. ಮೂರು ತಿಂಗಳು ಆ್ಯಪ್ ಬದಲಿಸಬೇಡಿ. ಬ್ರಷ್ ಕೂಡ ಎರಡೇ ಇರಲಿ, ಗೆರೆಗೆ ಗಟ್ಟಿ ಅಂಚಿನದೊಂದು, ತುಂಬಲು ಅಗಲವಾದದ್ದೊಂದು. 500 ಬ್ರಷ್‌ಗಳ ಕಟ್ಟು ಡೌನ್‌ಲೋಡ್ ಮಾಡಿದ ದಿನ ಚಿತ್ರ ಆಗುವುದಿಲ್ಲ, ಬ್ರಷ್ ನೋಡುವುದೇ ಆಗುತ್ತದೆ.

ಪೆನ್ ಒತ್ತಡ ನಿನ್ನೆವರೆಗೂ ಕೆಲಸ ಮಾಡುತ್ತಿತ್ತು, ಇವತ್ತು ಇಲ್ಲ. ಏನು ಮಾಡಲಿ?

ಈ ಕ್ರಮದಲ್ಲಿ ನೋಡುತ್ತಾ ಬನ್ನಿ, ಹೆಚ್ಚಿನ ಸಲ ಮೂರನೆಯದರೊಳಗೆ ಸಿಕ್ಕಿಬೀಳುತ್ತದೆ.

ಮೊದಲು ಬ್ರಷ್. ಎಲ್ಲ ಬ್ರಷ್‌ಗಳೂ ಒತ್ತಡಕ್ಕೆ ಓಗೊಡುವುದಿಲ್ಲ, ಆ್ಯಪ್ ಜೊತೆಗೆ ಬಂದ ಸಾದಾ ಪೆನ್ಸಿಲ್ ಬ್ರಷ್ ತೆಗೆದು ಪರೀಕ್ಷಿಸಿ. ಎರಡು, ಆ್ಯಪ್ ಮುಚ್ಚಿ, ಟ್ಯಾಬ್ಲೆಟ್ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ಆಮೇಲೆ ಆ್ಯಪ್ ತೆರೆಯಿರಿ. ಟ್ಯಾಬ್ಲೆಟ್ ಸಿಕ್ಕಿಸುವ ಮೊದಲೇ ಆ್ಯಪ್ ತೆರೆದರೆ ಕೆಲವೊಮ್ಮೆ ಅದು ಪೆನ್ನನ್ನು ಮೌಸ್ ಎಂದೇ ಭಾವಿಸುತ್ತದೆ. ಮೂರು, ವಿಂಡೋಸ್‌ನಲ್ಲಿ ಪೆನ್ ಸಂದೇಶ ಹೋಗುವ ದಾರಿ ಎರಡು: ವಿಂಡೋಸ್ ಇಂಕ್ ಮತ್ತು ವಿನ್‌ಟ್ಯಾಬ್. ಡ್ರೈವರ್ ಒಂದು ದಾರಿಯಲ್ಲಿ ಕಳಿಸಿ ಆ್ಯಪ್ ಇನ್ನೊಂದು ದಾರಿಯಲ್ಲಿ ಕಾದು ಕೂತಿದ್ದರೆ ಗೆರೆ ಬರುತ್ತದೆ, ಒತ್ತಡ ಬರುವುದಿಲ್ಲ. ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ಇದನ್ನು ಬದಲಿಸಿ, ಆ್ಯಪ್ ಮುಚ್ಚಿ ತೆರೆದು ನೋಡಿ. ನಾಲ್ಕು, ಹಿಂದೆ ಬೇರೆ ಕಂಪನಿಯ ಟ್ಯಾಬ್ಲೆಟ್ ಇತ್ತೇ? ಅದರ ಡ್ರೈವರ್ ಇನ್ನೂ ಒಳಗಿದ್ದರೆ ಎರಡೂ ಕಿತ್ತಾಡುತ್ತವೆ. ಎರಡನ್ನೂ ತೆಗೆದುಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಈಗಿನದರ ಡ್ರೈವರ್ ಮಾತ್ರ ಹಾಕಿ.

ಇದರ ಜೊತೆಗೆ, ಪೆನ್ ಒತ್ತಿ ಹಿಡಿದಾಗ ಸುತ್ತ ಒಂದು ಉಂಗುರ ಮೂಡಿ ಗೆರೆ ತಡವಾಗಿ ಶುರುವಾದರೆ, ಅದು ವಿಂಡೋಸ್‌ನ ಒತ್ತಿಹಿಡಿದು ರೈಟ್ ಕ್ಲಿಕ್ ಮಾಡುವ ಸೌಲಭ್ಯ. ಪೆನ್ ಸೆಟ್ಟಿಂಗ್‌ಗೆ ಹೋಗಿ ಆಫ್ ಮಾಡಿಬಿಡಿ.

ಗೆರೆ ನಡುಗುತ್ತದೆ. ಗೆರೆಯನ್ನು ನಯಗೊಳಿಸುವ ಸ್ಟೆಬಿಲೈಸರ್ ಸೌಲಭ್ಯ ಹಾಕಿಕೊಳ್ಳಲೇ?

ನಡುಕ ಎಲ್ಲಿಂದ ಬರುತ್ತಿದೆ ಎಂದು ಮೊದಲು ಪತ್ತೆ ಮಾಡಿ. ಚಾರ್ಜರ್ ಕಳಚಿ ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ. ನಡುಕ ಮಾಯವಾದರೆ ಅದು ಅರ್ಥಿಂಗ್ ತೊಂದರೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವ, ಬಾಡಿಗೆ ಮನೆಯ ಸಾಕೆಟ್‌ನಲ್ಲಿ ಅರ್ಥ್ ವೈರೇ ಇಲ್ಲದ ಪರಿಸ್ಥಿತಿ ಅಪರೂಪವೇನಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳಿಗೆ ಝುಮ್ಮೆಂದರೆ ಅದೇ ಸುಳಿವು. ಅರ್ಥ್ ಇರುವ ಸಾಕೆಟ್ ಹುಡುಕಿ, ಇಲ್ಲವೇ ಚಾರ್ಜ್ ಮಾಡಿಕೊಂಡು ಆಮೇಲೆ ಬಿಡಿಸಿ.

ಬ್ಯಾಟರಿಯಲ್ಲೂ ನಡುಗಿದರೆ ಅದು ಕೈ. ಕಾರಣ ಸಾಮಾನ್ಯವಾಗಿ ನಿಧಾನ. ಮಣಿಕಟ್ಟನ್ನು ಊರಿ, ಬೆರಳಲ್ಲಿ ತೆವಳಿಸಿದ ಗೆರೆ ಯಾರದ್ದಾದರೂ ನಡುಗುತ್ತದೆ. ಉದ್ದದ ಗೆರೆಗೆ ಭುಜ, ಮಧ್ಯಮಕ್ಕೆ ಮೊಣಕೈ, ಕಣ್ಣು-ಮೂಗಿನಂಥ ಚಿಕ್ಕದಕ್ಕೆ ಮಾತ್ರ ಮಣಿಕಟ್ಟು. ಪೆನ್ ತಾಗಿಸದೆ ಗಾಳಿಯಲ್ಲಿ ಎರಡು ಮೂರು ಸಲ ಆ ದಾರಿಯಲ್ಲಿ ಕೈ ಓಡಿಸಿ, ಬಳಿಕ ಒಂದೇ ಉಸಿರಿಗೆ ಎಳೆಯಿರಿ. ಸ್ಟೆಬಿಲೈಸರನ್ನು ಮುಗಿಸುವ ಚಿತ್ರಕ್ಕೆ ಬಳಸಿ, ಅಭ್ಯಾಸದ ಹೊತ್ತಿನಲ್ಲಿ ಸೊನ್ನೆಗೆ ಇಳಿಸಿ. ಅದು ಗೆರೆಯನ್ನು ತಿದ್ದುತ್ತದೆ, ಕೈಯನ್ನಲ್ಲ.

ದಿನಕ್ಕೆ ಎಷ್ಟು ಹೊತ್ತು, ಏನೇನು ಮಾಡಬೇಕು?

30 ನಿಮಿಷ, ಟೈಮರ್ ಇಟ್ಟು. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು, ಏಕೆಂದರೆ ಕೈಗೆ ನೆನಪಿರುವುದು ನಿನ್ನೆಯದು, ಹೋದ ವಾರದ್ದಲ್ಲ.

ಮೊದಲ 5 ನಿಮಿಷ ಗೆರೆ ಮತ್ತು ಅಂಡಾಕಾರ. ಎರಡು ಚುಕ್ಕಿ ಇಟ್ಟು ಒಂದರಿಂದ ಇನ್ನೊಂದಕ್ಕೆ ಒಂದೇ ಎಳೆತ, ಹಾಗೆ 30 ಗೆರೆ. ನಂತರ ಚೌಕಗಳೊಳಗೆ ನಾಲ್ಕೂ ಬದಿಗೆ ತಾಗುವ ಅಂಡಾಕಾರಗಳು, ಸುಮಾರು 20. ಮುಂದಿನ 10 ನಿಮಿಷ ಮನುಷ್ಯರ ಭಂಗಿ: ಒಂದಕ್ಕೆ 30 ಸೆಕೆಂಡಿನಂತೆ ಹತ್ತು, ಆಮೇಲೆ ಒಂದು ನಿಮಿಷದಂತೆ ಐದು. ಮುಖ, ಬೆರಳು, ಬಟ್ಟೆಯ ಮಡಿಕೆ ಬೇಡ. ತಲೆ, ಬೆನ್ನಿನ ಬಾಗು, ಭಾರ ಯಾವ ಕಾಲ ಮೇಲಿದೆ ಎಂಬುದು ಬಂದರೆ ಸಾಕು. ಉಳಿದ 15 ನಿಮಿಷ ಒಂದೇ ವಸ್ತು: ಮನೆಯ ಸ್ಟೀಲ್ ಲೋಟ, ಕುಕ್ಕರ್, ಬಾಗಿಲ ಬಳಿಯ ಚಪ್ಪಲಿ. ಸ್ಟೀಲ್ ಲೋಟ ಬಲು ಒಳ್ಳೆಯ ಗುರು. ಅದರ ಬಾಯಿ ಒಂದು ಅಂಡಾಕಾರ, ತಳ ಅದಕ್ಕಿಂತ ಗುಂಡಗಿನ ಅಂಡಾಕಾರ, ಮೈಮೇಲೆ ಅತಿ ಕಪ್ಪು ಮತ್ತು ಅತಿ ಬಿಳುಪು ಪಕ್ಕಪಕ್ಕದಲ್ಲೇ ಇರುತ್ತವೆ.

ಪ್ರತಿದಿನದ ಫೈಲುಗಳನ್ನು ಚೆಲ್ಲಾಪಿಲ್ಲಿ ಇಡುವ ಬದಲು ತಿಂಗಳಿಗೊಂದು ಫೋಲ್ಡರ್ ಮಾಡಿ, ಫೈಲಿಗೆ ದಿನಾಂಕದ ಹೆಸರು ಕೊಡಿ. 30 ನಿಮಿಷ ಆದಮೇಲೂ ಬಿಡಿಸುವ ಮನಸ್ಸಿದ್ದರೆ ಇಷ್ಟ ಬಂದದ್ದನ್ನು ಬಿಡಿಸಿ, ಅದು ಲೆಕ್ಕಕ್ಕಿಲ್ಲ.

ಬರೀ ಗೆರೆ ಎಳೆಯುವುದು ಬೇಜಾರು. ಬೇರೆ ದಾರಿ ಇಲ್ಲವೇ?

ಇದೆ, ನಮ್ಮ ಮನೆಯಂಗಳದಲ್ಲೇ. ಹೊಸ ಲೇಯರ್‌ನಲ್ಲಿ (ಒಂದರ ಮೇಲೊಂದು ಹಾಸುವ ಪಾರದರ್ಶಕ ಪದರದಲ್ಲಿ) ಏಳು ಸಾಲು, ಸಾಲಿಗೆ ಏಳು ಚುಕ್ಕಿ ಇಟ್ಟು, ಅಪಾರದರ್ಶಕತೆಯನ್ನು 30 ಪ್ರತಿಶತಕ್ಕೆ ಇಳಿಸಿ, ಬೀಗ ಹಾಕಿ. ಮೇಲೆ ಇನ್ನೊಂದು ಲೇಯರ್‌ನಲ್ಲಿ ಚುಕ್ಕಿ ಸುತ್ತುವ ಎಳೆ ರಂಗೋಲಿ ಬಿಡಿಸಿ. ಎರಡು ಎಳೆ ದಾಟುವ ಕೋನ ಎಲ್ಲ ಕಡೆ ಒಂದೇ ಇರಬೇಕು, ಚುಕ್ಕಿ ಮನೆಯ ನಡುವಿನಲ್ಲೇ ಕೂರಬೇಕು. ತಪ್ಪಿದ್ದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ, ಯಾರೂ ಹೇಳಬೇಕಿಲ್ಲ. ಆ್ಯಪ್‌ನ ಸಿಮ್ಮೆಟ್ರಿ ಸೌಲಭ್ಯ ಆನ್ ಮಾಡಿದರೆ ಆಟ ಕೆಟ್ಟಿತು. ಅಂಗಳದಲ್ಲಿ ರಂಗೋಲಿ ಹಾಕುವವರ ಕೈ ನೋಡಿ: ಬೆರಳು ಪುಡಿ ಬಿಡುತ್ತದೆ ಅಷ್ಟೇ, ಗೆರೆ ಎಳೆಯುವುದು ಇಡೀ ತೋಳು.

ಕನ್ನಡ ಅಕ್ಷರಗಳೂ ಅಷ್ಟೇ ಒಳ್ಳೆಯ ಕಸರತ್ತು. ಅ, ಠ, ಲ, ಳ, ಣ ಇವೆಲ್ಲ ಬಾಗು ಗೆರೆಗಳ ಜೋಡಣೆ. ಒಂದೊಂದನ್ನು 500 ಪಿಕ್ಸೆಲ್ ಎತ್ತರಕ್ಕೆ, ದಿನಕ್ಕೆ ಐದರಂತೆ ಬರೆದರೆ ಹತ್ತು ದಿನದಲ್ಲಿ 49 ಅಕ್ಷರಗಳ ವರ್ಣಮಾಲೆ ಮುಗಿಯುತ್ತದೆ.

ಅನ್‌ಡೂ ಒತ್ತದೆ ಇರಲು ಆಗುತ್ತಿಲ್ಲ.

ಒಂದೇ ಗೆರೆಯನ್ನು ಹದಿನೈದು ಸಲ ಎಳೆದು ಅಳಿಸಿ ಹದಿನಾರನೆಯದನ್ನು ಇಟ್ಟುಕೊಂಡರೆ, ಅದು ಬಂದದ್ದು ಆಕಸ್ಮಿಕವಾಗಿ. ತಪ್ಪಿದ ಹದಿನೈದು ಗೆರೆಗಳು ಎಡಕ್ಕೆ ವಾಲುತ್ತಿದ್ದವೋ ಗಿಡ್ಡವಾಗುತ್ತಿದ್ದವೋ ಎಂಬ ಪಾಠ ಅಳಿಸಿಹೋಯಿತು. ಅಭ್ಯಾಸದ ಅರ್ಧ ಗಂಟೆ ಅನ್‌ಡೂ ಪೂರ್ತಿ ಬಂದ್. ಪ್ರೊಕ್ರಿಯೇಟ್‌ನಲ್ಲಿ ಎರಡು ಬೆರಳಿನ ತಟ್ಟು, ಕ್ರಿಟಾದಲ್ಲಿ ಕಂಟ್ರೋಲ್-ಝಡ್, ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ತಡೆಯಲಾಗದಿದ್ದರೆ ಕ್ರಿಟಾದ ಶಾರ್ಟ್‌ಕಟ್ ಪಟ್ಟಿಯಲ್ಲಿ ಆ ಕೀಲಿಯನ್ನೇ ತೆಗೆದುಬಿಡಿ. ತಪ್ಪು ಗೆರೆಯ ಪಕ್ಕದಲ್ಲೇ ಸರಿ ಗೆರೆ ಎಳೆಯಿರಿ, ಎರಡೂ ಇರಲಿ.

ಝೂಮ್ ಇದರ ಅಣ್ಣ. 400 ಪ್ರತಿಶತಕ್ಕೆ ಹಿಗ್ಗಿಸಿ ರೆಪ್ಪೆಗೂದಲು ಬಿಡಿಸಿ ಹಿಂದೆ ಸರಿದರೆ, ಒಂದು ಕಣ್ಣು ಇನ್ನೊಂದಕ್ಕಿಂತ ಮೇಲಿರುತ್ತದೆ. ಮೊದಲ ಹತ್ತು ನಿಮಿಷ ಇಡೀ ಕ್ಯಾನ್ವಾಸ್ ತೆರೆಯಲ್ಲಿ ಕಾಣುವ ಹಾಗೇ ಇರಲಿ. ಆಗಾಗ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ನೋಡಿ, ಕ್ರಿಟಾದಲ್ಲಿ ಎಂ ಕೀಲಿ ಒತ್ತಿದರೆ ಸಾಕು. ವಾಲಿದ ಮುಖ, ಜಾರಿದ ದವಡೆ ಆಗ ಬಯಲಾಗುತ್ತವೆ.

ಕ್ಯಾನ್ವಾಸ್ ಎಷ್ಟು ದೊಡ್ಡದಿರಬೇಕು? ಟ್ಯಾಬ್ ತುಂಬಾ ನಿಧಾನ ಆಗುತ್ತದೆ.

ಅಭ್ಯಾಸಕ್ಕೆ 2000 × 2000 ಪಿಕ್ಸೆಲ್ ಧಾರಾಳ. ಮುದ್ರಿಸುವುದಿದ್ದರೆ ಮಾತ್ರ ಎ4 ಅಳತೆಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 2480 × 3508 ಪಿಕ್ಸೆಲ್, ಎ3ಗೆ 3508 × 4961. ಲೆಕ್ಕ ಸರಳ: ಒಂದು ಪಿಕ್ಸೆಲ್‌ಗೆ ನಾಲ್ಕು ಬೈಟ್, ಹಾಗಾಗಿ ಎ4ನ ಒಂದು ತುಂಬಿದ ಲೇಯರ್ ಸುಮಾರು 35 ಎಂಬಿ ಮೆಮೊರಿ ತಿನ್ನುತ್ತದೆ, ಎ3 ಆದರೆ ಸುಮಾರು 70. ಇಪ್ಪತ್ತು ಲೇಯರ್ ಹಾಕಿದರೆ 4 ಜಿಬಿಯ ಟ್ಯಾಬ್ ಏದುಸಿರು ಬಿಡುವುದು ಸಹಜ. ಪ್ರೊಕ್ರಿಯೇಟ್ ಕ್ಯಾನ್ವಾಸ್ ದೊಡ್ಡದಾದಂತೆ ಲೇಯರ್ ಮಿತಿಯನ್ನು ಇಳಿಸುವುದೂ ಇದಕ್ಕೇ.

ಲೇಯರ್ ಮೂರು ಸಾಕು: ಕಚ್ಚಾ, ಗೆರೆ, ಬಣ್ಣ.

ಹೊರಗೆ ಕೂತು ಬಿಡಿಸಲು ಬೆಂಗಳೂರಿನಲ್ಲಿ ಒಳ್ಳೆಯ ಜಾಗ, ಒಳ್ಳೆಯ ಹೊತ್ತು ಯಾವುದು?

ಹೊತ್ತು ಮೊದಲು. ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಹಗಲು ಸೂರ್ಯ ನೇರ ನೆತ್ತಿಗೆ ಬಂದು ಕಂಬದ ನೆರಳು ಬುಡದಲ್ಲೇ ಅಡಗಿಬಿಡುತ್ತದೆ. ಆ ತಿಂಗಳುಗಳಲ್ಲಿ ಮಧ್ಯಾಹ್ನ ಕಟ್ಟಡದ ಆಕಾರ ಹೇಳುವ ನೆರಳೇ ಇರುವುದಿಲ್ಲ. ಬೆಳಿಗ್ಗೆ 7ರಿಂದ 9, ಸಂಜೆ 4ರಿಂದ 6 ಎಲ್ಲ ಕಾಲಕ್ಕೂ ಸರಿ. ಮಳೆಗಾಲದಲ್ಲಿ ಸಂಜೆಯದ್ದನ್ನು ನಂಬಬೇಡಿ, ಟ್ಯಾಬ್ ತೂರುವಷ್ಟು ದೊಡ್ಡ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಬ್ಯಾಗಿನಲ್ಲಿರಲಿ.

ಲಾಲ್‌ಬಾಗ್‌ಗೆ ಹೋದವರು ಗಾಜಿನ ಮನೆಯ ಮುಂದೆ ಕೂರುತ್ತಾರೆ. ಅದು ಕಷ್ಟದ ವಸ್ತು: ನೂರಾರು ಕಬ್ಬಿಣದ ಸರಳು, ಕಮಾನಿನೊಳಗೆ ಕಮಾನು. ಹೊಸಬರಿಗೆ ಅಲ್ಲಿನ ಬಂಡೆಯೇ ವಾಸಿ. ಸುಮಾರು 300 ಕೋಟಿ ವರ್ಷ ಹಳೆಯ ಆ ನೈಸ್ ಶಿಲೆಯ ಬೆನ್ನು ಒಂದೇ ದೊಡ್ಡ ಬಾಗು, ಮೇಲೆ ಕೆಂಪೇಗೌಡರ ಗೋಪುರ. ದೊಡ್ಡ ಆಕಾರದ ಮೇಲೆ ಚಿಕ್ಕ ಆಕಾರ ಇಟ್ಟು ಗಾತ್ರ ತೋರಿಸುವುದನ್ನು ಕಲಿಯಲು ಇದಕ್ಕಿಂತ ಬೇಕೇ? ಪರ್ಸ್ಪೆಕ್ಟಿವ್ (ದೂರ ಹೋದಂತೆ ಕಿರಿದಾಗುವ ನೋಟ) ಅಭ್ಯಾಸಕ್ಕೆ ವಿಧಾನಸೌಧದ ಕಂಬಸಾಲು. ಬಣ್ಣಕ್ಕೆ ಎದುರಿನ ಅಠಾರಾ ಕಚೇರಿಯ ಕೆಂಪು, ಅದರ ಮಾತು ಮುಂದೆ ಬರುತ್ತದೆ. ಮರಗಳಲ್ಲಿ ಕಬ್ಬನ್ ಪಾರ್ಕಿನ ಮಳೆಮರಗಳು: ಮೊದಲು ಕೊಡೆಯ ಆಕಾರ, ಆಮೇಲೆ ಕೊಂಬೆ, ಎಲೆ ಕೊನೆಗೆ, ಅದೂ ಅಂಚಿನಲ್ಲಿ ಅಷ್ಟಿಷ್ಟು.

ಬಿಸಿಲಿನಲ್ಲಿ ತೆರೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ಬಣ್ಣ ಹಾಕಿದರೆ, ಮನೆಗೆ ಬಂದು ನೋಡುವಾಗ ಚಿತ್ರ ಕತ್ತಲೆಗವಿ. ಹೊರಗೆ ಗೆರೆ ಮತ್ತು ಮೂರು ಛಾಯೆ ಮಾತ್ರ, ಬಣ್ಣ ಮನೆಯಲ್ಲಿ.

ಜನರನ್ನು ಬಿಡಿಸಬೇಕು. ಎಲ್ಲಿ? ಬೈಯುವುದಿಲ್ಲವೇ?

ದರ್ಶಿನಿಗಳಷ್ಟು ಒಳ್ಳೆಯ ಭಂಗಿಗಳು ಬೇರೆಲ್ಲಿ ಸಿಗುತ್ತವೆ? ಎಲ್ಲರೂ ನಿಂತೇ ತಿನ್ನುತ್ತಾರೆ, ಒಂದು ಮೊಣಕೈ ಕಲ್ಲಿನ ಮೇಜಿನ ಮೇಲೆ, ಭಾರ ಒಂದೇ ಕಾಲಿನ ಮೇಲೆ. ಮೆಟ್ರೊದಲ್ಲಾದರೆ ಟೈಮರ್ ಬೇಕಿಲ್ಲ, ಎರಡು ನಿಲ್ದಾಣಗಳ ನಡುವೆ ಹೆಚ್ಚುಕಡಿಮೆ ಎರಡು ನಿಮಿಷ, ಒಂದು ನಿಲ್ದಾಣಕ್ಕೆ ಒಂದು ಭಂಗಿ. ಕೂರಲು ಸೀಟು ಸಿಕ್ಕರೆ ಮಾತ್ರ ಟ್ಯಾಬ್ ತೆಗೆಯಿರಿ. ಫೋನ್ ನೋಡುತ್ತಾ ತಲೆ ಬಗ್ಗಿಸಿದವರು ಅಲ್ಲಾಡುವುದಿಲ್ಲ, ಆದರೆ ಎಲ್ಲರೂ ಅದೇ ಭಂಗಿ ಎಂಬುದೇ ತೊಂದರೆ.

ದಿಟ್ಟಿಸಿ ನೋಡಿದರೆ ಯಾರಿಗಾದರೂ ಇರುಸುಮುರುಸು. ಹಿಂಭಾಗ, ಪಕ್ಕದ ನೋಟ ಬಿಡಿಸಿ. ಯಾರಾದರೂ ಕೇಳಿದರೆ ತೆರೆ ತಿರುಗಿಸಿ ತೋರಿಸಿ, ಬೇಡ ಎಂದರೆ ಅವರೆದುರೇ ಅಳಿಸಿ. ಫೋಟೊ ತೆಗೆದು ಬಿಡಿಸುವ ಯೋಚನೆ ಬೇಡ, ಮಾತು ಬೆಳೆಯುವುದು ಅಲ್ಲೇ.

ನನ್ನ ಬಣ್ಣಗಳು ಕೊಳೆಯಾದಂತೆ ಕಾಣುತ್ತವೆ. ಏಕೆ?

ಸಾಮಾನ್ಯವಾಗಿ ನೆರಳಿಗೆ ಕಪ್ಪು ಬೆರೆಸಿದ್ದರಿಂದ. ಬಣ್ಣದ ಚೌಕದಲ್ಲಿ ನೇರ ಕೆಳಗೆ ಇಳಿದು ಕಡುಬಣ್ಣ ಆರಿಸುವ ಚಾಳಿ ಇದು. ಅಠಾರಾ ಕಚೇರಿಯ ಗೋಡೆಯನ್ನು ಬೆಳಗಿನಲ್ಲಿ ನೋಡಿ: ಬಿಸಿಲು ಬಿದ್ದ ಕೆಂಪು ಕಿತ್ತಳೆಯ ಕಡೆ ವಾಲುತ್ತದೆ, ನೆರಳಿನ ಕೆಂಪು ನೇರಳೆಯ ಕಡೆ. ನೆರಳಿನೊಳಕ್ಕೆ ನೀಲಿ ಆಕಾಶದ ಬೆಳಕು ಬರುವುದರಿಂದ ಹೀಗೆ. ಆದ್ದರಿಂದ ನೆರಳಿಗೆ ಹೋಗುವಾಗ ಕೆಳಗಿಳಿಯುವುದರ ಜೊತೆ ಬಣ್ಣದ ಚಕ್ರದಲ್ಲೂ ಸ್ವಲ್ಪ ಸರಿಯಬೇಕು, 10ರಿಂದ 20 ಡಿಗ್ರಿ. ಸಂಜೆ ಟ್ಯೂಬ್‌ಲೈಟಿನ ಕೆಳಗೆ ಕೂತ ವ್ಯಕ್ತಿಯಲ್ಲಿ ಇದು ತಿರುಗಾಮುರುಗಾ ಆಗಬಹುದು. ನೋಡಿ ಹಾಕಿ, ಸೂತ್ರ ನಂಬಿ ಹಾಕಬೇಡಿ.

ಎರಡನೆಯ ಕಾರಣ ಮೃದು ಏರ್‌ಬ್ರಷ್. ಎಲ್ಲವನ್ನೂ ಉಜ್ಜಿ ಉಜ್ಜಿ ಕೆನ್ನೆ ಮೇಣದ ಬೊಂಬೆಯಾಗುತ್ತದೆ. ಗಟ್ಟಿ ಅಂಚಿನ ಬ್ರಷ್‌ನಲ್ಲಿ ಮೂರು ತುಂಡು ಛಾಯೆ ಇಟ್ಟು, ತಿರುವು ಇರುವಲ್ಲಿ ಮಾತ್ರ ಮೆದುಗೊಳಿಸಿ.

ಮೂರನೆಯದು ಬಣ್ಣದ್ದಲ್ಲವೇ ಅಲ್ಲ, ಬೆಳಕು-ಕತ್ತಲೆಯ ಗೊಂದಲ. ಎಲ್ಲಕ್ಕೂ ಮೇಲೆ ಒಂದು ಲೇಯರ್ ಹಾಕಿ, ಬಿಳಿ ತುಂಬಿ, ಅದರ ಬ್ಲೆಂಡ್ ಮೋಡನ್ನು (ಕೆಳಗಿನ ಪದರಗಳ ಜೊತೆ ಬೆರೆಯುವ ರೀತಿ) ಕಲರ್‌ಗೆ ಬದಲಿಸಿ. ಚಿತ್ರ ಕಪ್ಪು-ಬಿಳುಪಾಗುತ್ತದೆ. ಮುಖವೂ ಹಿನ್ನೆಲೆಯೂ ಒಂದೇ ಬೂದಿಯಾಗಿ ಬೆರೆತಿದ್ದರೆ ಕೊಳೆ ಅಲ್ಲಿದೆ. ಇನ್ನೊಂದು ಚಿಕ್ಕ ಮಾತು: ರಾತ್ರಿ ತೆರೆಯನ್ನು ಹಳದಿ ಮಾಡುವ ನೈಟ್ ಲೈಟ್ ಆನ್ ಇದ್ದರೆ ನೀವು ಆರಿಸಿದ ಪ್ರತಿ ಬಣ್ಣವೂ ಬೆಳಿಗ್ಗೆ ನೀಲಿಗಟ್ಟಿರುತ್ತದೆ.

ಫೋಟೊ ನೋಡಿ, ಟ್ರೇಸ್ ಮಾಡಿ ಬಿಡಿಸುವುದು ತಪ್ಪೇ?

ಕಲಿಯಲು ನೋಡಿ ಬಿಡಿಸುವುದು ತಪ್ಪಲ್ಲ. ಟ್ರೇಸ್ ಮಾಡಿದರೆ ಕೈಗೆ ಹೊರರೇಖೆ ಬರುತ್ತದೆ, ಒಳಗಿನ ರಚನೆ ಬರುವುದಿಲ್ಲ. ಒಮ್ಮೆ ಟ್ರೇಸ್ ಮಾಡಿ, ತಕ್ಷಣ ಅದನ್ನು ಮುಚ್ಚಿ ನೋಡಿ ಬಿಡಿಸಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಎಲ್ಲಿ ಜಾರಿತು ಎಂದು ನೋಡಿದರೆ ಆಗ ಅದು ಅಭ್ಯಾಸ.

ಬಿಡಿಸಿದ್ದನ್ನು ಆನ್‌ಲೈನ್‌ನಲ್ಲಿ ಹಾಕಿಕೊಳ್ಳುವ, ಮಾರುವ ಮಾತು ಬಂದಾಗ 1957ರ ಹಕ್ಕುಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ. ಕಲಾವಿದರು ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮನ ಚಿತ್ರಗಳನ್ನು ನಿಶ್ಚಿಂತೆಯಿಂದ ನಕಲು ಮಾಡಬಹುದು, ಈಗಿನವರ ಫೋಟೊ ನೋಡಿ ಬಿಡಿಸಿದ್ದನ್ನು ಕೇಳದೆ ಮಾರಬಾರದು. ಕಟ್ಟಡವನ್ನೂ, ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಪ್ರತಿಮೆಯನ್ನೂ ಬಿಡಿಸಿ ಪ್ರಕಟಿಸಲು ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುತ್ತದೆ.

ಚಿತ್ರದಲ್ಲಿ ಕನ್ನಡ ಬರೆದರೆ ಒತ್ತಕ್ಷರ ಒಡೆದುಹೋಗುತ್ತದೆ.

ಆ್ಯಪ್‌ನ ಅಕ್ಷರ ಜೋಡಿಸುವ ವ್ಯವಸ್ಥೆಗೆ ಭಾರತೀಯ ಲಿಪಿ ಗೊತ್ತಿಲ್ಲದಾಗ "ಕ್ಷ" ಹೋಗಿ "ಕ್‌ಷ" ಆಗುತ್ತದೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಟೈಪ್ ಸೆಟ್ಟಿಂಗ್‌ಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಆನ್ ಮಾಡಬೇಕು. ಇಲ್ಲವಾದರೆ ಉಚಿತ ಇಂಕ್‌ಸ್ಕೇಪ್‌ನಲ್ಲಿ ಬರೆದು, ಪಿಎನ್‌ಜಿ ಮಾಡಿ, ಚಿತ್ರದೊಳಗೆ ತನ್ನಿ. ಫಾಂಟ್ ಯೂನಿಕೋಡ್‌ನದೇ ಇರಲಿ, ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಉಚಿತವಾಗಿ ಸಿಗುತ್ತವೆ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಯೂನಿಕೋಡ್ ಫಾಂಟಿಗೆ ಬದಲಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ, ಮೊದಲು ಪಠ್ಯವನ್ನು ಪರಿವರ್ತಿಸಿಕೊಳ್ಳಬೇಕು. ನಾಲ್ಕೈದು ಪದವಷ್ಟೇ ಇದ್ದರೆ ಕೈಯಲ್ಲೇ ಬರೆಯಿರಿ, ಚೆಂದವೂ ಹೆಚ್ಚು.

ಪ್ರಿಂಟ್ ತೆಗೆಸಿದರೆ ಕಪ್ಪಾಗಿ ಬರುತ್ತದೆ.

ತೆರೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಒಂದೇ ಎ4 ಹಾಳೆಯಲ್ಲಿ ಚಿತ್ರದ ನಾಲ್ಕು ಪ್ರತಿ ಜೋಡಿಸಿ: ಮೂಲ, ಅದಕ್ಕಿಂತ 10, 20, 30 ಪ್ರತಿಶತ ಬೆಳಗಿಸಿದ್ದು. ಅದನ್ನು ಮೊದಲು ತೆಗೆಸಿ, ಕಿಟಕಿ ಬೆಳಕಿನಲ್ಲಿ ನೋಡಿ ಒಂದನ್ನು ಆರಿಸಿ, ಆಮೇಲೆ ದೊಡ್ಡದಕ್ಕೆ ಕೊಡಿ. ಮಿನುಗುವ ನೀಲಿ, ಗಿಳಿಹಸಿರು, ರಾಣಿ ಬಣ್ಣ ಮುದ್ರಣದಲ್ಲಿ ಮಂಕಾಗುವುದು ಶಾಯಿಯ ಮಿತಿ, ಅಂಗಡಿಯವರ ತಪ್ಪಲ್ಲ. ಅಂಚಿನವರೆಗೂ ಬಣ್ಣ ಇದ್ದರೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚಿಗೆ ಬಿಡಿ. ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವಾದರೆ ಕುಗ್ಗಿ ಹೋಗುತ್ತದೆ.

ಒಳ್ಳೆಯ ಮೂಲ ಚಿತ್ರಗಳನ್ನು ಹತ್ತಿರದಿಂದ ನೋಡಬೇಕೆಂದರೆ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಹೋಗಿ. ಬೆಳಿಗ್ಗೆ ಬೇಗ ಹೋಗಿ, ಹೊತ್ತೇರಿದರೆ ಚಿತ್ರಕ್ಕಿಂತ ಜನರ ಬೆನ್ನೇ ಕಾಣುತ್ತದೆ.

ಮಣಿಕಟ್ಟು ನೋವು, ಕಣ್ಣುರಿ.

ಪೆನ್ನನ್ನು ಉಗುರು ಬಿಳುಚುವಷ್ಟು ಬಿಗಿ ಹಿಡಿಯುತ್ತಿದ್ದೀರಿ, ಅಥವಾ ಗಾಢ ಗೆರೆಗಾಗಿ ಒತ್ತುತ್ತಿದ್ದೀರಿ. ಡ್ರೈವರ್‌ನಲ್ಲಿ ಒತ್ತಡದ ವಕ್ರರೇಖೆಯನ್ನು ಮೃದುವಿನ ಕಡೆ ಸರಿಸಿ, ಅರ್ಧ ಬಲಕ್ಕೇ ಪೂರ್ತಿ ದಪ್ಪ ಬರಲಿ. ಟ್ಯಾಬನ್ನು ಮೇಜಿನ ಮೇಲೆ ಚಪ್ಪಟೆ ಇಡದೆ 20 ಡಿಗ್ರಿಯಷ್ಟು ಏರಿಸಿ, ಒಂದು ದಪ್ಪ ನಿಘಂಟು ಸಾಕು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ. ಬೆರಳು ಜೋಮು ಹಿಡಿಯುತ್ತಿದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ನಿಬ್ ಯಾವಾಗ ಬದಲಿಸಬೇಕು?

ತುದಿ ಉಳಿಯಂತೆ ಓರೆಯಾಗಿ ಸವೆದು ಅಂಚು ಚೂಪಾದಾಗ. ಇನ್ನೂ ಬಳಸಿದರೆ ಟ್ಯಾಬ್ಲೆಟ್ ಮೇಲ್ಮೈ ಗೀರುತ್ತದೆ. ರಸ್ತೆಯ ದೂಳು ಕೂತ ತೆರೆಯ ಮೇಲೆ ಹೊಸ ನಿಬ್ಬೂ ಗೀರುತ್ತದೆ, ಶುರು ಮಾಡುವ ಮೊದಲು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಕಾಗದದಂಥ ಹಿಡಿತ ಕೊಡುವ ಒರಟು ಫಿಲ್ಮ್ ಅಂಟಿಸಿದರೆ ನಿಬ್ ಬೇಗ ಸವೆಯುತ್ತದೆ, ತೆರೆಯೂ ತುಸು ಮಬ್ಬಾಗುತ್ತದೆ.

ಮಧ್ಯೆ ಹತ್ತು ದಿನ ತಪ್ಪಿಹೋಯಿತು.

ಬಿಟ್ಟದ್ದನ್ನು ತುಂಬಿಸಲು ಹೋಗಬೇಡಿ. ಇವತ್ತು ಐದು ನಿಮಿಷದ ಗೆರೆ ಮಾತ್ರ, ನಾಳೆಯಿಂದ ಅರ್ಧ ಗಂಟೆ.

ಸುಧಾರಿಸುತ್ತಿದ್ದೇನೆ ಎಂದು ತಿಳಿಯುವುದು ಹೇಗೆ?

ಪ್ರತಿ ತಿಂಗಳ 1ನೆಯ ತಾರೀಕು ಅದೇ ಸ್ಟೀಲ್ ಲೋಟವನ್ನು ಅದೇ ಜಾಗದಲ್ಲಿಟ್ಟು 15 ನಿಮಿಷ ಬಿಡಿಸಿ. ನಾಲ್ಕು ತಿಂಗಳದ್ದನ್ನು ಪಕ್ಕಪಕ್ಕ ಇಡಿ. ಬಾಯಿಯ ಅಂಡಾಕಾರದ ಎರಡು ತುದಿ ಮೊನಚಾಗಿವೆಯೇ ದುಂಡಗಿವೆಯೇ, ತಳ ಚಪ್ಪಟೆಯಾಗಿದೆಯೇ, ಎಡ-ಬಲ ಸಮವೇ ಎಂದಷ್ಟೇ ನೋಡಿ. ಲೈಕುಗಳಿಗಿಂತ ಲೋಟ ಪ್ರಾಮಾಣಿಕ.

ಫೈಲುಗಳನ್ನು ಹೇಗೆ ಕಾಪಾಡಿಕೊಳ್ಳುವುದು?

ಪ್ರೊಕ್ರಿಯೇಟ್‌ನ ಚಿತ್ರಗಳು ಆ್ಯಪ್‌ನೊಳಗೇ ಇರುತ್ತವೆ. ಜಾಗ ಸಾಲದೆಂದು ಆ್ಯಪ್ ಅಳಿಸಿದರೆ ಚಿತ್ರಗಳೂ ಅದರ ಜೊತೆ ಹೋಗುತ್ತವೆ. ವಾರಕ್ಕೊಮ್ಮೆ, ಶನಿವಾರ ರಾತ್ರಿ ಎಂದು ಗೊತ್ತುಮಾಡಿಕೊಳ್ಳಿ, ಮುಖ್ಯವಾದವನ್ನು ಲೇಯರ್ ಸಮೇತ ಮೂಲ ರೂಪದಲ್ಲೂ, ಉಳಿದವನ್ನು ಪಿಎನ್‌ಜಿಯಾಗಿಯೂ ಹೊರತೆಗೆದು ಒಂದು ಪ್ರತಿ ಕ್ಲೌಡ್‌ಗೆ, ಒಂದು ಪ್ರತಿ ಪೆನ್ ಡ್ರೈವ್‌ಗೆ ಹಾಕಿ. ಡೆಸ್ಕ್‌ಟಾಪ್ ಕಂಪ್ಯೂಟರ್‌ನಲ್ಲಿ ಬಿಡಿಸುವವರು ಕ್ರಿಟಾದ ಆಟೋಸೇವ್ ಅವಧಿಯನ್ನು 5 ನಿಮಿಷಕ್ಕೆ ಇಳಿಸಿ. ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಯ ಸಂಜೆ ಕರೆಂಟ್ ಹೋದರೆ ಕಳೆದುಕೊಳ್ಳುವುದು ಹೆಚ್ಚೆಂದರೆ ಆ ಐದು ನಿಮಿಷ.